ಬಸಿದ ನೀರು, ಸುಟ್ಟ ಈರುಳ್ಳಿ, ಒಂದು ಚಮಚ ಹುಚ್ಚೆಳ್ಳು

ಕೋಲಾರದ ನಮ್ಮ ಕಚೇರಿಯಲ್ಲಿ ಮಧ್ಯಾಹ್ನ ಒಂದೂವರೆಗೆ ಊಟದ ಡಬ್ಬಿಗಳು ತೆರೆದುಕೊಳ್ಳುತ್ತವೆ. ಐದಾರು ಜನ ಒಂದೇ ಮೇಜಿನ ಸುತ್ತ ಕೂರುವುದರಿಂದ ಒಬ್ಬರ ಸಾರು ಇನ್ನೊಬ್ಬರ ಅನ್ನಕ್ಕೆ ಬೀಳುವುದು ಮಾಮೂಲು. ಕಳೆದ ತಿಂಗಳು, ತಿಪಟೂರಿನ ಕಡೆಯಿಂದ ವರ್ಗವಾಗಿ ಬಂದಿರುವ ಸಹೋದ್ಯೋಗಿಯೊಬ್ಬರು ನನ್ನ ಡಬ್ಬಿಯ ಬಸ್ಸಾರನ್ನು ಎರಡು ಸಲ ಹಾಕಿಸಿಕೊಂಡು, "ಇದಕ್ಕೆ ಏನೋ ಗುಟ್ಟಿನ ಸಾಮಾನು ಹಾಕ್ತೀರ ಮೇಡಂ, ಹೇಳಿಬಿಡಿ" ಎಂದರು. ಅಂಥದ್ದೇನೂ ಇಲ್ಲವೆಂದು ನಕ್ಕು ಸುಮ್ಮನಾದೆ. ಆದರೆ ಸಂಜೆ ಮನೆಗೆ ಬಂದು ಡಬ್ಬಿ ತೊಳೆಯುವಾಗ ಆ ಉತ್ತರದಲ್ಲಿ ಅರ್ಧ ಸುಳ್ಳಿದೆ ಅನ್ನಿಸಿತು. ಅವರ ಮನೆಯಲ್ಲೂ ಬಸ್ಸಾರು ಮಾಡುತ್ತಾರೆ, ಅದೇ ಸೊಪ್ಪು, ಅದೇ ಕಾಳು, ಅದೇ ಹುಣಸೆಹಣ್ಣು. ಹಾಗಿದ್ದೂ ನನ್ನ ಡಬ್ಬಿಯಲ್ಲಿ ಅವರಿಗೆ ಬೇರೇನೋ ಸಿಕ್ಕಿದ್ದರೆ ಆ ಬೇರೇನೋ ಯಾವುದು ಎಂದು ನಾನೇ ಒಮ್ಮೆ ಸಾವಧಾನವಾಗಿ ಯೋಚಿಸಬೇಕಿತ್ತು. ಈ ಬರಹ ಆ ಯೋಚನೆಯ ಫಲ.

ತಿಪಟೂರಿನ ಅಡುಗೆಮನೆಗೂ ಶ್ರೀನಿವಾಸಪುರದ ಕಡೆಯ ನಮ್ಮ ತಾಯಿಯ ಅಡುಗೆಮನೆಗೂ ಇರುವ ದೊಡ್ಡ ವ್ಯತ್ಯಾಸ ತೆಂಗಿನಕಾಯಿ. ಉಂಡೆ ಕೊಬ್ಬರಿಗೆ ಹೆಸರಾದ ಆ ಸೀಮೆಯಲ್ಲಿ ಸಾರು ತೆಳುವಾಯಿತೆಂದರೆ ಇನ್ನೊಂದು ಹೋಳು ತುರಿದು ರುಬ್ಬುತ್ತಾರೆ, ಅಲ್ಲಿಗೆ ಮಾತು ಮುಗಿಯಿತು. ನಮ್ಮ ಕಡೆ ಮಾವಿನ ತೋಪು ಉಂಟು, ಹುಣಸೆ ಮರ ಉಂಟು, ತೆಂಗು ಮಾತ್ರ ಬಾವಿಯ ಪಕ್ಕದಲ್ಲಿ ಎರಡೋ ಮೂರೋ. ನಾನು ಚಿಕ್ಕವಳಿದ್ದಾಗ ಒಂದು ತೆಂಗಿನಕಾಯಿ ಒಡೆದರೆ ಅರ್ಧ ಹೋಳು ದೇವರ ಮುಂದೆ ಇಟ್ಟು, ಉಳಿದರ್ಧ ಹೋಳನ್ನು ನಾಲ್ಕು ದಿನಕ್ಕೆ ಹೊಂದಿಸುತ್ತಿದ್ದರು. ಎಂಟು ಜನರ ಮುದ್ದೆಗೆ ಆಗುವಷ್ಟು ಸಾರು ಬೇಕು, ಅದು ನೀರಾಗಿರಬಾರದು, ರುಚಿ ನಾಲಿಗೆಯಲ್ಲಿ ನಿಲ್ಲಬೇಕು, ಕಾಯಿ ಮಾತ್ರ ಎರಡೇ ಚಮಚ. ಈ ಲೆಕ್ಕವನ್ನು ಸರಿದೂಗಿಸಲು ನಮ್ಮ ಕಡೆಯ ಹೆಂಗಸರು ಕಂಡುಕೊಂಡ ದಾರಿಗಳನ್ನೇ ಈಗ ನಾವು ಗುಟ್ಟು ಎನ್ನುತ್ತಿದ್ದೇವೆ ಎಂದು ನನಗೆ ತೋರುತ್ತದೆ. ಅವುಗಳಲ್ಲಿ ದುಬಾರಿಯದು ಒಂದೂ ಇಲ್ಲ.

ಮೊದಲು ಬಸ್ಸಾರಿನ ಮಾತನ್ನೇ ಮುಗಿಸುತ್ತೇನೆ. ಹೆಸರಿನಲ್ಲೇ ಇರುವಂತೆ ಅದು ಬಸಿದ ನೀರಿನ ಸಾರು. ಒಂದು ಲೋಟ ಅಲಸಂದೆ ಕಾಳನ್ನು ಐದಾರು ಲೋಟ ನೀರಿನಲ್ಲಿ ಬೇಯಲು ಇಟ್ಟು, ಕಾಳು ಮುಕ್ಕಾಲು ಬೆಂದಾಗ ಎರಡು ಕಂತೆ ದಂಟಿನ ಸೊಪ್ಪನ್ನು ಹೆಚ್ಚಿ ಹಾಕಿ, ಉಪ್ಪು ಸೇರಿಸಿ, ಸೊಪ್ಪು ಬೆಂದ ಕೂಡಲೇ ತೂತಿನ ಪಾತ್ರೆಗೆ ಸುರಿದು ನೀರನ್ನು ಬಸಿದುಕೊಳ್ಳಬೇಕು. ಕೆಳಗಿನ ಪಾತ್ರೆಗೆ ಇಳಿದ ಆ ಮಬ್ಬು ಬಣ್ಣದ ನೀರಿಗೆ ನಾವು ಕಟ್ಟು ಎನ್ನುತ್ತೇವೆ. ಕಾಳಿನ ಪಿಷ್ಟ, ಕಾಳಿನ ಒಂದಷ್ಟು ಪ್ರೋಟೀನು, ಸೊಪ್ಪಿನ ಉಪ್ಪು ಮತ್ತು ಸಾರ ಎಲ್ಲವೂ ಆ ನೀರಿಗೆ ಇಳಿದಿರುತ್ತವೆ. ಮೇಲೆ ಉಳಿದ ಸೊಪ್ಪು ಮತ್ತು ಕಾಳು ಒಗ್ಗರಣೆ ಬಿದ್ದು ಪಲ್ಯವಾಗುತ್ತದೆ. ಇಲ್ಲಿಯವರೆಗೆ ಎಲ್ಲರ ಮನೆಯಲ್ಲೂ ಒಂದೇ. ನಮ್ಮ ಅಮ್ಮ ಮಾಡುತ್ತಿದ್ದುದು ಇದರ ನಂತರದ ಕೆಲಸ. ಒಗ್ಗರಣೆಗೆ ಮೊದಲು, ಬೆಂದ ಸೊಪ್ಪು ಮತ್ತು ಕಾಳಿನಿಂದ ಒಂದು ಹಿಡಿಯನ್ನು ತೆಗೆದು ಒಳಕಲ್ಲಿನ ಪಕ್ಕದಲ್ಲಿ ಇಟ್ಟುಕೊಳ್ಳುತ್ತಿದ್ದರು. ಖಾರ ರುಬ್ಬುವುದು ಮುಗಿಯುವ ಹೊತ್ತಿಗೆ ಆ ಹಿಡಿಯನ್ನೂ ಅದರ ಜೊತೆಗೇ ನುಣ್ಣಗೆ ಅರೆದುಬಿಡುತ್ತಿದ್ದರು. ಎರಡು ಚಮಚ ಕಾಯಿ ಅರ್ಧ ಹೋಳಿನ ಕೆಲಸ ಮಾಡುವುದು ಈ ಹಿಡಿಯಿಂದ. ಸಾರು ಕುದಿಯುವಾಗ ಕಾಳಿನ ಪಿಷ್ಟ ನೀರನ್ನು ಹಿಡಿದುಕೊಳ್ಳುತ್ತದೆ, ಖಾರ ತಳಕ್ಕೆ ಇಳಿಯುವುದಿಲ್ಲ, ಮುದ್ದೆಯ ತುತ್ತಿಗೆ ಸಾರು ಅಂಟಿಕೊಂಡು ಬರುತ್ತದೆ. ತೆಂಗಿನಕಾಯಿಯಿಂದ ಬರುವ ಮಂದಕ್ಕೆ ಸಿಹಿ ಇರುತ್ತದೆ, ಕಾಳಿನಿಂದ ಬರುವ ಮಂದಕ್ಕೆ ಮಣ್ಣಿನ ಘಮ ಇರುತ್ತದೆ. ನನ್ನ ನಾಲಿಗೆಗೆ ಎರಡನೆಯದೇ ಹಿತ, ಅದು ಅಭ್ಯಾಸಬಲವೂ ಇರಬಹುದು.

ಆ ಖಾರದಲ್ಲಿ ಇನ್ನೊಂದು ಸಂಗತಿ ಇದೆ, ಈರುಳ್ಳಿ. ಬಹಳಷ್ಟು ಮನೆಗಳಲ್ಲಿ ಈರುಳ್ಳಿಯನ್ನು ಹೆಚ್ಚಿ ಎಣ್ಣೆಯಲ್ಲಿ ಬಾಡಿಸಿ ರುಬ್ಬುತ್ತಾರೆ. ನಮ್ಮಲ್ಲಿ ಸಿಪ್ಪೆ ಸಮೇತ ಇಡೀ ಈರುಳ್ಳಿಯನ್ನು ಒಲೆಯ ಕೆಂಡಕ್ಕೆ ಹಾಕಿ ಸುಡುತ್ತಿದ್ದರು. ಕೆಂಡ ಹೋದ ಮೇಲೆ ಅಮ್ಮನೇ ಗ್ಯಾಸಿನ ಉರಿಯ ಮೇಲೆ ಚಪಾತಿ ಸುಡುವ ಜಾಲರಿ ಇಟ್ಟು ಸುಡುವುದನ್ನು ರೂಢಿ ಮಾಡಿಕೊಂಡರು, ನಾನೂ ಹಾಗೆಯೇ ಮಾಡುತ್ತೇನೆ. ಮಧ್ಯಮ ಗಾತ್ರದ ಎರಡು ಈರುಳ್ಳಿಯನ್ನು ಸಣ್ಣ ಉರಿಯಲ್ಲಿ ಇಟ್ಟು ಆಗಾಗ ತಿರುಗಿಸುತ್ತಿದ್ದರೆ ಮೊದಲು ಹೊರಸಿಪ್ಪೆ ಚಟಚಟ ಎಂದು ಸುರುಟಿ ಹಾರುತ್ತದೆ, ಆಮೇಲೆ ಎರಡನೆಯ ಪದರ ಕಪ್ಪಾಗುತ್ತದೆ, ಹತ್ತು ಹನ್ನೆರಡು ನಿಮಿಷಕ್ಕೆ ಬುಡದಿಂದ ರಸ ಒಸರಿ ಜಾಲರಿಯ ಮೇಲೆ ಚುಂಯ್ ಎನ್ನುತ್ತದೆ. ಆ ಶಬ್ದ ಬಂದಾಗ ಇಳಿಸಬೇಕು. ಕಪ್ಪು ಸಿಪ್ಪೆಯನ್ನು ಕೈಯಲ್ಲಿ ಒರೆಸಿದಂತೆ ತೆಗೆಯಬೇಕೇ ಹೊರತು ನೀರಿನಲ್ಲಿ ತೊಳೆಯಬಾರದು, ತೊಳೆದರೆ ಸುಟ್ಟ ವಾಸನೆಯೂ ಅದರೊಂದಿಗೇ ಹೋಗುತ್ತದೆ. ಅಲ್ಲಲ್ಲಿ ಕಪ್ಪು ಚುಕ್ಕೆ ಉಳಿದರೆ ಉಳಿಯಲಿ. ಒಳಗಿನ ತಿರುಳು ತನ್ನದೇ ನೀರಿನಲ್ಲಿ ಬೆಂದು ಸಿಹಿಯಾಗಿರುತ್ತದೆ, ಹೊರಗಿನ ಪದರದಲ್ಲಿ ಸಕ್ಕರೆ ಕಂದಿ ಹೊಗೆಯ ರುಚಿ ಬಂದಿರುತ್ತದೆ. ಇದಕ್ಕೆ ಹತ್ತು ಎಸಳು ಬೆಳ್ಳುಳ್ಳಿ, ಒಂದು ಚಮಚ ಜೀರಿಗೆ, ಅರ್ಧ ಚಮಚ ಮೆಣಸು, ಹುರಿದ ಐದಾರು ಒಣಮೆಣಸಿನಕಾಯಿ, ನೆಲ್ಲಿಕಾಯಿ ಗಾತ್ರದ ಹುಣಸೆಹಣ್ಣು, ಆ ಎರಡು ಚಮಚ ಕಾಯಿ, ಕೊನೆಗೆ ಹಿಡಿ ಕಾಳು. ಮೆಣಸಿನಕಾಯಿಯಲ್ಲಿ ಅರ್ಧ ಬ್ಯಾಡಗಿ, ಅರ್ಧ ಗುಂಟೂರು ಇದ್ದರೆ ಬಣ್ಣ ಒಂದರಿಂದ, ಖಾರ ಇನ್ನೊಂದರಿಂದ ಬರುತ್ತದೆ. ರುಬ್ಬಿದ್ದನ್ನು ಕಟ್ಟಿಗೆ ಬೆರೆಸಿ ಕುದಿಸಿ, ಒಂದು ಉಕ್ಕು ಬಂದ ಮೇಲೆ ಉರಿ ತಗ್ಗಿಸಿ ಹತ್ತು ನಿಮಿಷ ಬಿಡಬೇಕು. ಮರುದಿನದ ಬಸ್ಸಾರು ಹೆಚ್ಚು ರುಚಿ ಎಂಬುದು ನಮ್ಮ ಕಡೆ ಯಾರೂ ವಾದ ಮಾಡದ ವಿಷಯ.

ಕಟ್ಟಿಗಾಗಿ ಹೊಸ ನೀರು ಇಡುವ ಬದಲು ಅಕ್ಕಿ ತೊಳೆದ ನೀರನ್ನು ಬಳಸುವ ರೂಢಿಯೂ ಉಂಟು. ಮೊದಲನೆಯ ನೀರು ದೂಳಿನದು, ಅದು ಹಸುವಿನ ಕಲಗಚ್ಚಿಗೆ ಹೋಗುತ್ತಿತ್ತು. ಎರಡನೆಯ ಸಲ ತೊಳೆದ ಬೆಳ್ಳಗಿನ ನೀರನ್ನು ಅಮ್ಮ ಸೊಪ್ಪು ಬೇಯಿಸಲು ಎತ್ತಿಡುತ್ತಿದ್ದರು. ಅದರಲ್ಲಿಯೂ ಪಿಷ್ಟವೇ ಇರುವುದರಿಂದ ತಿಳಿಸಾರಿಗೂ ಸ್ವಲ್ಪ ಮೈ ಬರುತ್ತದೆ.

ಇನ್ನು ಹುಚ್ಚೆಳ್ಳಿನ ವಿಷಯ. ಬೆಂಗಳೂರಿನಲ್ಲಿ ಬೆಳೆದ ನನ್ನ ಓರಗಿತ್ತಿಗೆ ಇದು ಎಳ್ಳಿನ ಒಂದು ಬಗೆ ಎಂದೇ ಬಹಳ ದಿನ ನಂಬಿಕೆ ಇತ್ತು. ಎಳ್ಳಿಗೂ ಇದಕ್ಕೂ ಸಂಬಂಧವಿಲ್ಲ, ಇದು ಸೇವಂತಿಗೆ ಮತ್ತು ಸೂರ್ಯಕಾಂತಿಯ ಕುಟುಂಬದ ಗಿಡ, ಹೂವೂ ಹಾಗೆಯೇ ಹಳದಿ. ನಮ್ಮ ಕಡೆಯ ರಾಗಿ ಹೊಲದಲ್ಲಿ ಬರೀ ರಾಗಿ ಇರುತ್ತಿರಲಿಲ್ಲ. ಕೆಲವು ಸಾಲು ರಾಗಿಗೆ ಒಂದರಂತೆ ಅಕ್ಕಡಿ ಸಾಲು ಬಿಟ್ಟು ಅವರೆ, ತೊಗರಿ, ಅಲಸಂದೆ, ಜೋಳ, ಸಾಸಿವೆ, ಹುಚ್ಚೆಳ್ಳುಗಳನ್ನು ಬಿತ್ತುತ್ತಿದ್ದರು. ಮಳೆ ಕೈಕೊಟ್ಟು ಒಂದು ಹೋದರೂ ಇನ್ನೊಂದು ಉಳಿಯಲಿ ಎಂಬುದು ರೈತರ ಲೆಕ್ಕ. ಅಡುಗೆಮನೆಯ ಕಡೆಯಿಂದ ನೋಡಿದರೆ ಮುದ್ದೆ, ಸಾರಿನ ಬೇಳೆ, ಒಗ್ಗರಣೆಯ ಸಾಸಿವೆ, ಪಲ್ಯದ ಪುಡಿ ಎಲ್ಲವೂ ಒಂದೇ ಹೊಲದಿಂದ ಒಂದೇ ಗಾಡಿಯಲ್ಲಿ ಮನೆಗೆ ಬರುತ್ತಿದ್ದವು. ನಮ್ಮ ಅಡುಗೆಯ ಸಾಮಾನುಗಳು ಒಂದಕ್ಕೊಂದು ಯಾಕೆ ಇಷ್ಟು ಹೊಂದುತ್ತವೆ ಎಂದು ಕೇಳುವವರಿಗೆ ನಾನು ಈ ಹೊಲವನ್ನೇ ತೋರಿಸುತ್ತೇನೆ.

ಹುಚ್ಚೆಳ್ಳನ್ನು ಹುರಿಯುವುದಕ್ಕೆ ತಾಳ್ಮೆ ಬೇಕು. ಕಾಳು ಮೊದಲೇ ಕಪ್ಪಾಗಿರುವುದರಿಂದ ಬಣ್ಣ ನೋಡಿ ಹದ ತಿಳಿಯುವುದು ಸಾಧ್ಯವಿಲ್ಲ, ಮೂಗಿನಿಂದ ಮತ್ತು ಕಿವಿಯಿಂದ ತಿಳಿಯಬೇಕು. ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಕೈಯಾಡಿಸುತ್ತಿದ್ದರೆ ಸ್ವಲ್ಪ ಹೊತ್ತಿಗೆ ಕಾಳುಗಳು ಅಲ್ಲೊಂದು ಇಲ್ಲೊಂದು ಸಿಡಿಯತೊಡಗುತ್ತವೆ, ಹಸಿ ಹುಲ್ಲಿನ ವಾಸನೆ ಹೋಗಿ ಎಣ್ಣೆಯ ಘಮ ಏಳುತ್ತದೆ. ಸಿಡಿತ ಜೋರಾಗುವ ಮೊದಲೇ ಅಗಲವಾದ ತಟ್ಟೆಗೆ ಸುರಿಯಬೇಕು, ಬಾಣಲೆಯಲ್ಲೇ ಬಿಟ್ಟರೆ ಆ ಬಿಸಿಗೇ ಸೀದು ಕಹಿಯಾಗುತ್ತದೆ. ಪೂರ್ತಿ ಆರಿದ ಮೇಲೆ ಮಿಕ್ಸಿಯಲ್ಲಿ ಬಿಟ್ಟು ಬಿಟ್ಟು ತಿರುಗಿಸಿದರೆ ತರಿತರಿಯಾದ ಪುಡಿ ಸಿಗುತ್ತದೆ. ಒಂದೇ ಸಮನೆ ತಿರುಗಿಸಿದರೆ ಎಣ್ಣೆ ಬಿಟ್ಟು ಉಂಡೆಯಾಗುತ್ತದೆ, ಅದನ್ನು ಚಟ್ನಿಗೆ ಬಳಸಬಹುದಷ್ಟೆ. ಅರ್ಧ ಕಿಲೋ ಬದನೆಕಾಯಿ ಪಲ್ಯಕ್ಕೆ ಇಳಿಸುವ ಮುಂಚೆ ಒಂದು ದೊಡ್ಡ ಚಮಚ ಪುಡಿ ಸಾಕು. ಹೀರೆಕಾಯಿ, ಹಾಗಲಕಾಯಿ, ತಿಂಗಳವರೆ, ಕೊನೆಗೆ ಹಿಂದಿನ ದಿನದ ಅನ್ನಕ್ಕೆ ಹಾಕುವ ಒಗ್ಗರಣೆಗೂ ಇದು ಹೊಂದುತ್ತದೆ. ಬಾಯಿಗೆ ಮೊದಲು ಏನೂ ತಿಳಿಯುವುದಿಲ್ಲ, ನುಂಗಿದ ಮೇಲೆ ಹುರಿದ ಬೀಜದ ಒಂದು ರುಚಿ ಹಿಂದಿನಿಂದ ಬರುತ್ತದೆ. ಚಮಚ ಎರಡಾದರೆ ಮಾತ್ರ ಪಲ್ಯ ಕಪ್ಪಗಾಗಿ ಬಾಯಿ ಒಗರಾಗುತ್ತದೆ. ಅಮ್ಮ ಈ ಪುಡಿಯನ್ನು ಒಂದು ಸಲಕ್ಕೆ ಅರ್ಧ ಪಾವಿಗಿಂತ ಹೆಚ್ಚು ಮಾಡುತ್ತಿರಲಿಲ್ಲ. ಎಣ್ಣೆಯ ಅಂಶ ಹೆಚ್ಚಿರುವುದರಿಂದ ಹದಿನೈದು ಇಪ್ಪತ್ತು ದಿನಕ್ಕೇ ಕಮಟು ವಾಸನೆ ಹಿಡಿಯುತ್ತದೆ. ಅಂಗಡಿಯ ಪುಡಿ ನನಗೆ ಸರಿಬೀಳದಿರುವುದಕ್ಕೆ ಅದೇ ಕಾರಣ. ಈಗ ನಮ್ಮ ಊರಿನಲ್ಲಿ ರಾಗಿಯನ್ನು ಯಂತ್ರದಿಂದ ಕೊಯ್ಯಿಸುವವರೇ ಹೆಚ್ಚು, ಯಂತ್ರ ಓಡಬೇಕಾದರೆ ಹೊಲದಲ್ಲಿ ಅಕ್ಕಡಿ ಇರಬಾರದು. ಹಾಗಾಗಿ ಹುಚ್ಚೆಳ್ಳನ್ನೂ ಕೋಲಾರದ ದಿನಸಿ ಅಂಗಡಿಯಲ್ಲಿ ಕಾಲು ಕಿಲೋ ಲೆಕ್ಕದಲ್ಲಿ ಕೊಳ್ಳುವ ಕಾಲ ಬಂದಿದೆ. ಕೊಂಡ ಕಾಳಿನಲ್ಲಿ ಮಣ್ಣು ಇರುತ್ತದೆ, ಕೇರಿಕೊಂಡೇ ಹುರಿಯಬೇಕು.

ಅದೇ ಅಕ್ಕಡಿಯ ಇನ್ನೊಂದು ಕೊಡುಗೆ ಅವರೆ. ರಾಗಿಯ ಜೊತೆ ಮಳೆಗಾಲದಲ್ಲಿ ಬಿತ್ತಿದ ನಾಟಿ ಅವರೆ ಹಗಲು ಗಿಡ್ಡವಾದಾಗ ಮಾತ್ರ ಹೂ ಬಿಡುತ್ತದೆ, ಡಿಸೆಂಬರ್ ಮತ್ತು ಜನವರಿಯ ಮಂಜಿನಲ್ಲಿ ಕಾಯಿ ತುಂಬುತ್ತದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ ತಳಿಗಳು ಬಂದ ಮೇಲೆ ವರ್ಷದ ಯಾವ ತಿಂಗಳಲ್ಲಿಯೂ ಕಾಯಿ ಸಿಗುತ್ತದೆ, ಬೆಳೆಗಾರರಿಗೆ ಅದರಿಂದ ಅನುಕೂಲವೇ ಆಗಿದೆ. ಆದರೆ ಚಳಿಗಾಲದ ಅವರೆಯ ಸೊಗಡು ಬೇಸಿಗೆಯ ಕಾಯಿಯಲ್ಲಿ ನನಗಂತೂ ಸಿಕ್ಕಿಲ್ಲ. ಈ ಸೊಗಡು ಇರುವುದು ಕಾಳಿನಲ್ಲಿ ಅಲ್ಲ, ಸಿಪ್ಪೆಯ ಮೇಲಿನ ಎಣ್ಣೆಯಂಥ ಅಂಟಿನಲ್ಲಿ. ಎರಡು ಕಿಲೋ ಕಾಯಿ ಬಿಡಿಸಿದವರ ಬೆರಳನ್ನು ಮೂಸಿದರೆ ಸಾಕು. ಹೀಗಿರುವಾಗ ಸಿಪ್ಪೆಯನ್ನೆಲ್ಲ ದನದ ಮುಂದೆ ಸುರಿದು, ಕಾಳನ್ನು ನಾಲ್ಕು ನೀರಿನಲ್ಲಿ ತೊಳೆದು, ಆಮೇಲೆ ಸಾರಿನಲ್ಲಿ ಸೊಗಡಿಲ್ಲ ಎನ್ನುವುದು ಸರಿಯಲ್ಲ. ನಮ್ಮ ಮನೆಯಲ್ಲಿ ಕಾಯನ್ನು ಬಿಡಿಸುವ ಮೊದಲೇ ದೂಳು ಹೋಗುವಷ್ಟು ತೊಳೆದು ಒರೆಸುತ್ತೇವೆ. ಎಳೆಯ ಏಳೆಂಟು ಸಿಪ್ಪೆಗಳನ್ನು ನಾರು ತೆಗೆದು ಬಿಳಿ ಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿ ಕಾಳಿನ ಜೊತೆ ಬೇಯಲು ಬಿಟ್ಟು, ಖಾರ ಹಾಕುವ ಮೊದಲು ಆ ಗಂಟನ್ನು ಹಿಂಡಿ ತೆಗೆಯುತ್ತೇವೆ. ಹಿತುಕಿದ ಬೇಳೆಯ ಸಾರಿಗೆ ಇದು ಎಲ್ಲಕ್ಕಿಂತ ಅಗತ್ಯ, ಯಾಕೆಂದರೆ ರಾತ್ರಿಯೆಲ್ಲ ನೀರಿನಲ್ಲಿ ನೆನೆದು ಮೇಲಿನ ಸಿಪ್ಪೆಯನ್ನೂ ಕಳೆದುಕೊಂಡ ಬೇಳೆಯಲ್ಲಿ ಸೊಗಡು ಇರುವುದೇ ಇಲ್ಲ. ಚಕ್ಕೆ ಲವಂಗದ ಖಾರ ರುಬ್ಬುವಾಗ ಒಂದು ಚಮಚ ಹುರಿದ ಗಸಗಸೆ ಅಥವಾ ಒಂದು ಹಿಡಿ ಹುರಿಗಡಲೆ ಹಾಕುವುದೂ ಕಾಯಿಯನ್ನು ಉಳಿಸುವ ಉಪಾಯವೇ. ಗಸಗಸೆ ಬೆಣ್ಣೆಯಂಥ ಮೃದುತ್ವ ಕೊಡುತ್ತದೆ. ಹುರಿಗಡಲೆ ಹೆಚ್ಚಾದರೆ ಸಾರು ಬಜ್ಜಿ ಹಿಟ್ಟಿನಂತೆ ಆಗುತ್ತದೆ, ಆದ್ದರಿಂದ ಎರಡನ್ನೂ ಒಟ್ಟಿಗೆ ಹಾಕುವುದನ್ನು ನಾನು ಒಪ್ಪುವುದಿಲ್ಲ.

ನಾನು ಕಲಿತದ್ದೆಲ್ಲ ನೋಡಿ ಕಲಿತದ್ದಲ್ಲ, ಕೆಡಿಸಿ ಕಲಿತದ್ದೂ ಇದೆ. ಮದುವೆಯಾದ ಹೊಸದರಲ್ಲಿ ನಾದಿನಿಯ ಮನೆಯವರು ಊಟಕ್ಕೆ ಬರುವವರಿದ್ದರು. ಬೇಗ ಮುಗಿಯಲಿ ಎಂದು ತೊಗರಿಬೇಳೆಯ ಜೊತೆಗೇ ಟೊಮೆಟೊ ಮತ್ತು ಹುಣಸೆರಸವನ್ನೂ ಕುಕ್ಕರಿಗೆ ಹಾಕಿ ಕೂಗಿಸಿದೆ. ನಾಲ್ಕು ಸೀಟಿ ಆದರೂ ಬೇಳೆ ಬೇಳೆಯಾಗಿಯೇ ಇತ್ತು, ಇನ್ನೂ ನಾಲ್ಕು ಸೀಟಿ ಕೂಗಿಸಿದರೂ ಕಡಗೋಲಿಗೆ ಸಿಗದೆ ಜಾರುತ್ತಿತ್ತು. ಅತ್ತೆಯವರು ಏನೂ ಅನ್ನದೆ, ಮೇಲಿನ ನೀರನ್ನು ಬಸಿದು ತಿಳಿಸಾರು ಮಾಡಿ, ಬೇಯದ ಬೇಳೆಗೆ ಕಾಯಿತುರಿ ಮತ್ತು ಹಸಿಮೆಣಸಿನಕಾಯಿ ಹಾಕಿ ಕೋಸಂಬರಿಯ ಹಾಗೆ ಬಡಿಸಿಬಿಟ್ಟರು. ನಾದಿನಿಯ ಅತ್ತೆ ಅದನ್ನು ಹೊಗಳಿ ಇನ್ನೊಂದು ಸಲ ಹಾಕಿಸಿಕೊಂಡರು. ಅವರಿಗೆ ಈವತ್ತಿಗೂ ನಿಜ ಗೊತ್ತಿಲ್ಲ. ಹುಳಿ ಇದ್ದ ಕಡೆ ಬೇಳೆ ಬೇಗ ಮೆತ್ತಗಾಗುವುದಿಲ್ಲ. ಅದರ ಮೇಲೆ ನಮ್ಮ ಕೊಳವೆಬಾವಿಯ ಗಡಸು ನೀರು ಬೇರೆ. ಆ ನೀರಿನಲ್ಲಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಕಾಳಿನ ಕೋಶಗಳನ್ನು ಹಿಡಿದಿಡುವ ಪೆಕ್ಟಿನ್ನನ್ನು ಇನ್ನಷ್ಟು ಬಿಗಿಯುತ್ತವೆ. ಸೋಡಾ ಚಿಟಿಕೆ ಹಾಕಿದರೆ ಬೇಳೆ ಬೇಯುತ್ತದೆ ನಿಜ, ಆದರೆ ಅದರಲ್ಲಿರುವ ಬಿ1 ಜೀವಸತ್ವ ಹಾಳಾಗುತ್ತದೆ, ಬಾಯಿಗೆ ಸಾಬೂನಿನಂಥ ಜಾರು ರುಚಿಯೂ ತಗಲುತ್ತದೆ. ಅದಕ್ಕಿಂತ, ಕಾಳು ನೆನೆಸುವ ನೀರಿಗೇ ಒಂದು ಚಮಚ ಉಪ್ಪು ಹಾಕಿ ಬೆಳಿಗ್ಗೆ ಆ ನೀರನ್ನು ಚೆಲ್ಲಿ ಬೇಯಿಸುವುದು ಲೇಸು. ಉಪ್ಪು ಹಾಕಿದರೆ ಕಾಳು ಬೇಯುವುದಿಲ್ಲ ಎಂದು ಚಿಕ್ಕಂದಿನಿಂದ ಕೇಳಿದ್ದ ನನಗೆ ಇದನ್ನು ನಂಬಲು ಕಷ್ಟವಾಗಿತ್ತು. ಉಪ್ಪಿನ ಸೋಡಿಯಂ ಆ ಕ್ಯಾಲ್ಸಿಯಂನ ಜಾಗ ಹಿಡಿಯುವುದರಿಂದ ಸಿಪ್ಪೆ ಸಡಿಲವಾಗುತ್ತದೆ ಎಂದು ಓದಿ, ಒಂದೇ ಹುರುಳಿಯನ್ನು ಎರಡು ಬಟ್ಟಲಲ್ಲಿ ಬೇರೆ ಬೇರೆ ನೆನೆಸಿ ನೋಡಿದ ಮೇಲೆ ಒಪ್ಪಿಕೊಂಡೆ. ಉಪ್ಪಿನ ಬಟ್ಟಲಿನ ಹುರುಳಿಯೇ ಮೊದಲು ಬೆಂದಿತ್ತು.

ಟೊಮೆಟೊ ಎಂದಾಗ ಒಂದು ಮಾತು. ಕೋಲಾರದ ಎಪಿಎಂಸಿಯಲ್ಲಿ ದೇಶದ ದೊಡ್ಡ ಟೊಮೆಟೊ ಮಾರುಕಟ್ಟೆಗಳಲ್ಲಿ ಒಂದು ಇರುವುದರಿಂದ ನಮ್ಮ ಮನೆಗಳಲ್ಲಿ ಟೊಮೆಟೊ ಬೀಳದ ಅಡುಗೆ ಇಲ್ಲ ಎನ್ನುವಂತಾಗಿತ್ತು. 2023ರ ಜುಲೈನಲ್ಲಿ 15 ಕಿಲೋ ಬಾಕ್ಸಿನ ಬೆಲೆ 2000 ರೂಪಾಯಿ ದಾಟಿದಾಗ, ಟೊಮೆಟೊ ಊರಿನಲ್ಲೇ ಕುಳಿತು ಟೊಮೆಟೊ ಇಲ್ಲದೆ ಅಡುಗೆ ಮಾಡುವ ಪರಿಸ್ಥಿತಿ ನಮಗೆ ಬಂತು. ಆ ಒಂದೂವರೆ ತಿಂಗಳು ಹುಣಸೆಹಣ್ಣಿಗೆ ಮರಳಿದಾಗ ನಾನು ಗಮನಿಸಿದ್ದು ಇದು: ಹುಳಿಯನ್ನು ಹುಣಸೆ ಧಾರಾಳವಾಗಿ ಕೊಡುತ್ತದೆ, ಆದರೆ ಟೊಮೆಟೊ ಹುಳಿಯ ಜೊತೆಗೆ ಕೊಡುತ್ತಿದ್ದ ಒಂದು ತುಂಬಿದ ರುಚಿ ಸಾರಿನಿಂದ ಕಾಣೆಯಾಗಿರುತ್ತದೆ. ಆ ರುಚಿ ಗ್ಲುಟಮೇಟಿನದು, ಟೊಮೆಟೊದಲ್ಲಿ ಅದು ತಿರುಳಿಗಿಂತ ಬೀಜದ ಸುತ್ತಲಿನ ಲೋಳೆಯಲ್ಲಿ ಹೆಚ್ಚು. ಚಟ್ನಿ ನುಣ್ಣಗಾಗಲಿ ಎಂದು ಬೀಜ ತೆಗೆದು ಎಸೆಯುವವರು ರುಚಿಯನ್ನೇ ಎಸೆಯುತ್ತಿರುತ್ತಾರೆ. ಈಗ ನಾನು ಒಂದು ಟೊಮೆಟೊ, ಅರ್ಧ ಪಾಲು ಹುಣಸೆ ಎಂಬ ಲೆಕ್ಕಕ್ಕೆ ಬಂದು ನಿಂತಿದ್ದೇನೆ.

ಗ್ಲುಟಮೇಟಿನ ಮಾತು ಬಂದದ್ದರಿಂದ ಟೇಸ್ಟಿಂಗ್ ಪೌಡರ್ ವಿಷಯವನ್ನೂ ಹೇಳಿಬಿಡುತ್ತೇನೆ. 1908ರಲ್ಲಿ ಜಪಾನಿನ ಕಿಕುನಾಯೆ ಇಕೆಡಾ ಎಂಬ ವಿಜ್ಞಾನಿ ಕಡಲಪಾಚಿಯ ಸಾರಿನಿಂದ ಈ ರುಚಿಯನ್ನು ಬೇರ್ಪಡಿಸಿ ಅದಕ್ಕೆ ಉಮಾಮಿ ಎಂದು ಹೆಸರಿಟ್ಟರು, ಮರುವರ್ಷವೇ ಅದು ಪುಡಿಯಾಗಿ ಮಾರುಕಟ್ಟೆಗೆ ಬಂತು. ಅದು ವಿಷವೆಂದು ಹೆದರಿಸುವವರ ಗುಂಪಿಗೆ ನಾನು ಸೇರಿದವಳಲ್ಲ. ನನ್ನ ತಕರಾರು ಬೇರೆ. ನಮ್ಮ ಹತ್ತಿರದ ಸಂಬಂಧಿಕರ ಮದುವೆಯೊಂದರಲ್ಲಿ ಅಡುಗೆಯವರು ತಿಳಿಸಾರಿಗೂ, ಹುಳಿಗೂ, ಪಲ್ಯಕ್ಕೂ ಅದನ್ನು ಧಾರಾಳವಾಗಿ ಸುರಿದಿದ್ದರು, ಮೊದಲ ತುತ್ತು ಬಹಳ ರುಚಿಯಾಗಿತ್ತು, ಐದನೆಯ ತುತ್ತಿನ ಹೊತ್ತಿಗೆ ಎಲೆಯ ಮೇಲಿನ ಮೂರೂ ಒಂದೇ ಅನ್ನಿಸತೊಡಗಿದವು. ಸುಟ್ಟ ಈರುಳ್ಳಿ ಬಸ್ಸಾರಿಗೆ ಸೇರಿದ್ದು, ಹುಚ್ಚೆಳ್ಳು ಬದನೆಕಾಯಿಗೆ ಸೇರಿದ್ದು. ಎಲ್ಲಕ್ಕೂ ಸೇರುವ ಸಾಮಾನು ಯಾವುದನ್ನೂ ತನ್ನ ಪಾಡಿಗೆ ಬಿಡುವುದಿಲ್ಲ.

ಬೆಲ್ಲದ ವಿಚಾರದಲ್ಲಿ ನಮ್ಮ ಮನೆಯಲ್ಲಿಯೇ ಎರಡು ಪಕ್ಷಗಳಿವೆ. ಸಾರಿಗೆ ಬೆಲ್ಲ ಹಾಕುವುದು ಉಡುಪಿಯವರ ಪದ್ಧತಿ, ನಮ್ಮದಲ್ಲ ಎಂಬುದು ಯಜಮಾನರ ನಿಲುವು. ಕಡಲೆಕಾಳಿನಷ್ಟು ಬೆಲ್ಲವನ್ನು ಹುಣಸೆಯ ಹುಳಿ ಮೊನಚಾದ ದಿನ ನಾನು ಸದ್ದಿಲ್ಲದೆ ಹಾಕುತ್ತೇನೆ. ಸಿಹಿ ಎಂದು ತಿಳಿಯುವಷ್ಟು ಹಾಕಿದರೆ ಸೋತ ಹಾಗೆ. ಅವರು ಸಾರು ಇವತ್ತು ಹದವಾಗಿದೆ ಎಂದ ದಿನಗಳ ಪಟ್ಟಿ ನನ್ನ ಬಳಿ ಇದೆ, ಅದನ್ನು ತೋರಿಸುವ ಸಂದರ್ಭ ಇನ್ನೂ ಬಂದಿಲ್ಲ. ದೋಸೆ ಹಿಟ್ಟಿಗೆ ಮೆಂತ್ಯ ಹಾಕುವುದು ಎಲ್ಲರಿಗೂ ಗೊತ್ತಿರುವ ಗುಟ್ಟಾದ್ದರಿಂದ ಹೆಚ್ಚು ಹೇಳುವುದಿಲ್ಲ. ನಾಲ್ಕು ಲೋಟ ಅಕ್ಕಿಗೆ ಒಂದು ಚಿಕ್ಕ ಚಮಚ ಸಾಕು, ಅದರ ಅಂಟು ಹುದುಗಿನ ಗುಳ್ಳೆಗಳನ್ನು ಹಿಡಿದಿಡುತ್ತದೆ. ಒಮ್ಮೆ ಕೈತಪ್ಪಿ ದೊಡ್ಡ ಚಮಚ ಬಿದ್ದು, ಮೂರು ದಿನ ಮನೆಮಂದಿಯೆಲ್ಲ ಕಹಿ ದೋಸೆಯನ್ನು ಔಷಧಿಯಂತೆ ತಿಂದದ್ದುಂಟು.

ಇಷ್ಟೆಲ್ಲ ಸಾರಿನ ಮಾತಾಡಿ ಮುದ್ದೆಯನ್ನು ಬಿಡುವ ಹಾಗಿಲ್ಲ. ನಮ್ಮ ಕಡೆ ಮುದ್ದೆಯ ಎಸರಿಗೆ ಒಂದು ಹಿಡಿ ಅಕ್ಕಿನುಚ್ಚು ಹಾಕುತ್ತಾರೆ. ತುಮಕೂರಿನ ಸ್ನೇಹಿತೆಯರು ಇದನ್ನು ಕಲಬೆರಕೆ ಎಂದು ನಗುತ್ತಾರೆ. ರಾಗಿಯಲ್ಲಿ ಗೋಧಿಯ ಹಾಗೆ ಜಿಗುಟಿಲ್ಲ, ಮುದ್ದೆಯನ್ನು ಕಟ್ಟುವುದು ಬೆಂದ ಪಿಷ್ಟ ಮಾತ್ರ. ಮೊದಲೇ ಮೆತ್ತಗೆ ಬೆಂದ ನುಚ್ಚು ಆ ಕೆಲಸಕ್ಕೆ ಜೊತೆಯಾಗುತ್ತದೆ, ಮುದ್ದೆ ಆರಿದ ಮೇಲೂ ಗಟ್ಟಿಯಾಗಿ ಬಿರಿಯುವುದಿಲ್ಲ. ನುಚ್ಚು ಇಲ್ಲದ ದಿನ ಒಂದು ಚಮಚ ರಾಗಿಹಿಟ್ಟನ್ನು ತಣ್ಣೀರಿನಲ್ಲಿ ಕದಡಿ ಎಸರಿಗೆ ಬಿಟ್ಟು, ಅದು ಗಂಜಿಯಾಗಿ ಕುದ್ದ ಮೇಲೆ ಉಳಿದ ಹಿಟ್ಟು ಹಾಕಿ ಕೋಲಿನಿಂದ ತಿರುವಿದರೆ ಗಂಟೂ ಆಗುವುದಿಲ್ಲ.

ಮರುದಿನ ಸಹೋದ್ಯೋಗಿಗೆ ಇದರಲ್ಲಿ ಬಸ್ಸಾರಿನ ಭಾಗವನ್ನಷ್ಟೇ ಒಂದು ಹಾಳೆಯಲ್ಲಿ ಬರೆದುಕೊಟ್ಟೆ. ಅವರು ಓದಿ, "ಕಾಯಿ ಎರಡೇ ಚಮಚವಾ ಮೇಡಂ?" ಎಂದು ಎರಡು ಸಲ ಕೇಳಿದರು. ಸೋಮವಾರ ಅವರ ಡಬ್ಬಿಯಲ್ಲಿ ಬಂದ ಬಸ್ಸಾರಿನಲ್ಲಿ ಸುಟ್ಟ ಈರುಳ್ಳಿ ಇತ್ತು, ಅರೆದ ಕಾಳಿತ್ತು, ಅದರ ಮೇಲೆ ಅರ್ಧ ಹೋಳು ಕಾಯಿಯೂ ಇತ್ತು. ಕೈ ತಡೆಯಲಿಲ್ಲವಂತೆ. ರುಚಿಯಾಗಿಯೇ ಇತ್ತು, ನಾನೂ ಎರಡು ಸಲ ಹಾಕಿಸಿಕೊಂಡೆ.

ಹಾಳೆಯಲ್ಲಿ ನಾನು ಬರೆಯದೆ ಬಿಟ್ಟ ಒಂದು ಅಡಚಣೆ ಇದೆ. ಕಟ್ಟು ಬಸಿಯುವ ಹೊತ್ತಿಗೆ ಸರಿಯಾಗಿ ನನ್ನ ಮಗಳು ಲೋಟ ಹಿಡಿದು ಅಡುಗೆಮನೆಗೆ ಬರುತ್ತಾಳೆ. ಅಮ್ಮನ ಮನೆಯಲ್ಲಿ ನಮ್ಮಪ್ಪ ಹೊಲದಿಂದ ಬಂದವರು ಬಿಸಿ ಕಟ್ಟಿಗೆ ಮೆಣಸಿನ ಪುಡಿ ಉದುರಿಸಿ ಕುಡಿಯುವುದನ್ನು ನೋಡಿ ಅವಳಿಗೂ ಆ ಚಟ ಹತ್ತಿದೆ. ಅವಳ ಪಾಲಿನ ಒಂದು ಲೋಟ ಹೋದ ಮೇಲೆ ಉಳಿಯುವ ಕಟ್ಟು ನಾಲ್ಕು ಜನರ ಸಾರಿಗೆ ಸಾಲುವುದಿಲ್ಲ. ಆಗ ಒಂದು ಲೋಟ ಬಿಸಿನೀರು ಸೇರಿಸಿ, ಅರೆಯುವ ಕಾಳನ್ನು ಒಂದು ಹಿಡಿಯ ಬದಲು ಒಂದೂವರೆ ಹಿಡಿ ಮಾಡಿಕೊಳ್ಳುತ್ತೇನೆ.